ಕುತ್ತಿಗೆ ಸವೆತದಿಂದ ತೋಳಿಗೆ ಇಳಿಯುವ ನೋವು: ಕೈಯಿಂದ ಮಾಡುವ ಫಿಸಿಯೋಥೆರಪಿ ಎಷ್ಟು ನೆರವಾಗುತ್ತದೆ?

ಅಡಿಕೆ ಬೆಳೆಗಾರ, ಸಾಗರ

ಸದಸ್ಯರಿಗೆಲ್ಲ ನಮಸ್ಕಾರ. ನನಗೆ ಈಗ 52 ವರ್ಷ. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಕಾರ್ಬನ್ ಫೈಬರ್ ದೋಟಿ (ನೆಲದಲ್ಲೇ ನಿಂತು ಮರದ ತುದಿ ಮುಟ್ಟುವ ಉದ್ದನೆಯ ಗಳ) ಕೊಂಡು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನೂ ಆಮೇಲೆ ಅಡಿಕೆ ಗೊನೆ ಕೊಯ್ಯುವುದನ್ನೂ ನಾನೇ ಮಾಡಿಕೊಳ್ಳುತ್ತಿದ್ದೇನೆ. ಕಳೆದ ಕೊಯ್ಲು ಮುಗಿಯುವ ಹೊತ್ತಿಗೆ ಬಲ ಹೆಗಲಿನ ಹಲಗೆಯ ಒಳಬದಿಯಲ್ಲಿ ಆಳವಾದ ನೋವು ಶುರುವಾಯಿತು. ಈಗ ಅದು ತೋಳಿನ ಹಿಂಭಾಗದಿಂದ ಇಳಿದು ನಡುಬೆರಳಿನವರೆಗೆ ಬರುತ್ತಿದೆ; ಆ ಬೆರಳು ಸದಾ ಜೋಮು ಹಿಡಿದಿರುತ್ತದೆ. ತಲೆ ಎತ್ತಿ ಮೇಲೆ ನೋಡಿದ ತಕ್ಷಣ ನೋವು ತೋಳಿಗೆ ಹರಿಯುತ್ತದೆ. ಕೈಯನ್ನು ಎತ್ತಿ ನೆತ್ತಿಯ ಮೇಲೆ ಇಟ್ಟುಕೊಂಡು ಮಲಗಿದರೆ ಮಾತ್ರ ಒಂದಿಷ್ಟು ಹೊತ್ತು ನಿದ್ದೆ ಬರುತ್ತದೆ.

ಎಂಆರ್‌ಐ ವರದಿಯಲ್ಲಿ ಸಿ5–ಸಿ6 ಮತ್ತು ಸಿ6–ಸಿ7 ಮಟ್ಟದಲ್ಲಿ (ಕುತ್ತಿಗೆಯ ಐದು–ಆರನೆಯ, ಆರು–ಏಳನೆಯ ಮೂಳೆಗಳ ನಡುವೆ) ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ, ಮೂಳೆಯ ಅಂಚುಗಳು ಬೆಳೆದಿವೆ, ಬಲಗಡೆಯ ನರದ ಕಿಂಡಿ ಕಿರಿದಾಗಿದೆ ಎಂದು ಬರೆದಿದ್ದಾರೆ. ವೈದ್ಯರು ನರದ ನೋವಿಗೆ ಮಾತ್ರೆ ಕೊಟ್ಟು, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಫಿಸಿಯೋಥೆರಪಿ ಮಾಡಿಸಿ ಎಂದಿದ್ದಾರೆ. ಆದರೆ ಸವೆದ ಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸಲು ಹೇಗೆ ಸಾಧ್ಯ ಎಂಬುದು ನನಗೆ ತಿಳಿಯುತ್ತಿಲ್ಲ. ಇದರಿಂದ ನರಕ್ಕೆ ಇನ್ನಷ್ಟು ಪೆಟ್ಟಾಗಬಹುದೇ ಎಂಬ ಹೆದರಿಕೆಯೂ ಇದೆ. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗೃಹಿಣಿ, ಮಂಡ್ಯ

ಅಣ್ಣಾ, ನಮ್ಮ ಯಜಮಾನರಿಗೂ ಇದೇ ರೀತಿ ಆಗಿತ್ತು, ಅವರಿಗೆ ಹೆಬ್ಬೆರಳಿನ ಕಡೆಗೆ ಇಳಿಯುತ್ತಿತ್ತು. ಕುತ್ತಿಗೆ ಪಟ್ಟಿ ಹಾಕಿಕೊಂಡು ವಿಶ್ರಾಂತಿ ತೆಗೆದುಕೊಂಡ ಮೇಲೆ ಕಡಿಮೆಯಾಯಿತು. ನೀವು ಮೊದಲು ದೋಟಿ ಹಿಡಿಯುವುದನ್ನು ನಿಲ್ಲಿಸಿ. ಮಿಕ್ಕದ್ದನ್ನು ತಿಳಿದವರು ಹೇಳುತ್ತಾರೆ.

ಫಿಸಿಯೋಥೆರಪಿಸ್ಟ್, ಧಾರವಾಡ

ಮಾನ್ಯರೇ, ನಿಮ್ಮ ಹೆದರಿಕೆ ಸಹಜವಾದದ್ದು, ಪ್ರಶ್ನೆಯೂ ಸರಿಯಾದದ್ದು. ಸವೆದ ಮೂಳೆಯನ್ನು ಯಾರೂ ಕೈಯಿಂದ ಸರಿಪಡಿಸಲಾರರು, ಬೆಳೆದ ಅಂಚನ್ನು ಕರಗಿಸಲೂ ಆಗದು. ಹಾಗೆ ಭರವಸೆ ಕೊಡುವವರು ಇದ್ದರೆ ಅವರಿಂದ ದೂರವಿರಿ. ಆದರೆ ನಿಮ್ಮ ತೋಳಿನ ನೋವಿಗೆ ಸವೆತವೊಂದೇ ಕಾರಣವೂ ಅಲ್ಲ. ಅದನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ಚಿಕಿತ್ಸೆಯ ತರ್ಕವೆಲ್ಲ ಅಲ್ಲಿಯೇ ಇದೆ.

ಕುತ್ತಿಗೆಯಲ್ಲಿ ಕಶೇರುಕಗಳು (ಬೆನ್ನುಮೂಳೆಯ ಮಣಿಗಳು) ಏಳು, ಅಲ್ಲಿಂದ ಹೊರಡುವ ನರಬೇರುಗಳು (ಬೆನ್ನುಹುರಿಯಿಂದ ಕವಲೊಡೆಯುವ ನರಗಳ ಬುಡ) ಎಂಟು ಜೊತೆ. ಆದ್ದರಿಂದ ಆರನೆಯ ಮತ್ತು ಏಳನೆಯ ಕಶೇರುಕಗಳ ನಡುವಿನ ಕಿಂಡಿಯಿಂದ ಹೊರಬರುವುದು ಏಳನೆಯ ನರಬೇರು. ತೋಳಿನ ಹಿಂಭಾಗ ಮತ್ತು ನಡುಬೆರಳು ಅದರ ವ್ಯಾಪ್ತಿಗೆ ಸೇರುತ್ತವೆ, ಮೊಣಕೈಯನ್ನು ನೇರ ಮಾಡುವ ಸ್ನಾಯುವಿನ ಬಲವೂ ಬಹುಪಾಲು ಅದರದ್ದೇ. ಆರನೆಯದು ತೊಂದರೆಗೊಳಗಾದರೆ ಹೆಬ್ಬೆರಳು ಮತ್ತು ತೋರುಬೆರಳಿಗೆ ಇಳಿಯುತ್ತದೆ. ಮಂಡ್ಯದ ಸಹೋದರಿ ಹೇಳಿದ್ದು ಅದೇ ಇರಬಹುದು. ಎಂಟನೆಯದಾದರೆ ಕಿರುಬೆರಳಿನ ಕಡೆಗೆ. ನಿಮ್ಮ ಎಂಆರ್‌ಐ ಎರಡು ಮಟ್ಟಗಳನ್ನು ತೋರಿಸಿದೆ, ಆದರೆ ನಿಮ್ಮ ಬೆರಳು ಒಂದನ್ನೇ ತೋರಿಸುತ್ತಿದೆ. ನಾವು ಬೆರಳಿನ ಮಾತನ್ನು ಮೊದಲು ಕೇಳುತ್ತೇವೆ.

ಡಿಸ್ಕ್ ಎತ್ತರ ಕಳೆದುಕೊಂಡಾಗ ಮೇಲಿನ ಮತ್ತು ಕೆಳಗಿನ ಮೂಳೆಗಳು ಹತ್ತಿರವಾಗುತ್ತವೆ, ಪಕ್ಕದ ಸಣ್ಣ ಕೀಲುಗಳ ಮೇಲೆ ಭಾರ ಬೀಳುತ್ತದೆ, ಅಂಚುಗಳು ಬೆಳೆಯುತ್ತವೆ, ಕಿಂಡಿ ಕಿರಿದಾಗುತ್ತದೆ. ಇಷ್ಟೆಲ್ಲ ನಡೆಯಲು ವರ್ಷಗಳು ಬೇಕು, ಆದರೆ ನಿಮಗೆ ನೋವು ಬಂದದ್ದು ಒಂದು ಕೊಯ್ಲಿನ ಅವಧಿಯಲ್ಲಿ. ಅಂದರೆ ಕಿರಿದಾದ ಕಿಂಡಿಯೊಂದಿಗೆ ನೀವು ಮೊದಲೂ ನೋವಿಲ್ಲದೆ ಬದುಕಿದ್ದಿರಿ. ಈಗ ಆಗಿರುವುದು ಏನೆಂದರೆ, ಕಿಂಡಿಯೊಳಗಿನ ನರಬೇರು ಕೆರಳಿ, ಉರಿಯೂತದಿಂದ ಊದಿಕೊಂಡು, ತನ್ನ ಸುತ್ತ ಇದ್ದ ಅಷ್ಟಿಷ್ಟು ಜಾಗವನ್ನೂ ಕಳೆದುಕೊಂಡಿದೆ. ತಲೆಯನ್ನು ಹಿಂದಕ್ಕೆ ಬಾಗಿಸಿ, ನೋವಿರುವ ಕಡೆಗೆ ತಿರುಗಿಸಿದಾಗ ಈ ಕಿಂಡಿ ಇನ್ನಷ್ಟು ಮುಚ್ಚುತ್ತದೆ. ಮುಂದಕ್ಕೆ ಬಾಗಿಸಿದಾಗ ತೆರೆಯುತ್ತದೆ. ದೋಟಿ ಹಿಡಿದು ಗಂಟೆಗಟ್ಟಲೆ ಮರದ ತುದಿ ನೋಡುವವರಿಗೆ ಇದು ಏಕೆ ಬರುತ್ತದೆ ಎಂಬುದು ಇದರಿಂದ ನಿಮಗೆ ಅರ್ಥವಾಗಬಹುದು. ಕೈಯನ್ನು ನೆತ್ತಿಯ ಮೇಲೆ ಇಟ್ಟಾಗ ಹಿತವೆನಿಸುವುದು ಸಹ ನರಬೇರಿನ ಮೇಲಿನ ಎಳೆತ ಸಡಿಲವಾಗುವುದರಿಂದ, ಅದು ನಾವು ಪರೀಕ್ಷೆಯಲ್ಲಿ ಹುಡುಕುವ ಒಂದು ಗುರುತು.

ಕೈಯಿಂದ ಮಾಡುವ ಚಿಕಿತ್ಸೆ ಕೆಲಸ ಮಾಡುವುದು ಈ ಎರಡನೆಯ ಭಾಗದ ಮೇಲೆ, ಅಂದರೆ ಕೆರಳಿದ ನರ, ಬಿಗಿದ ಸ್ನಾಯು, ಚಲನೆ ನಿಲ್ಲಿಸಿದ ಕೀಲು ಇವುಗಳ ಮೇಲೆ. ನಾನು ಇಂತಹವರಿಗೆ ಹೆಚ್ಚಾಗಿ ಆರಂಭಿಸುವುದು ಪಕ್ಕಕ್ಕೆ ಜಾರಿಸುವ ವಿಧಾನದಿಂದ. ರೋಗಿ ಅಂಗಾತ ಮಲಗಿರುತ್ತಾರೆ, ನೋವಿರುವ ತೋಳು ಹೊಟ್ಟೆಯ ಮೇಲೆ ಆರಾಮವಾಗಿರುತ್ತದೆ. ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಗಳಲ್ಲಿ ಹಿಡಿದು, ತೊಂದರೆಯಿರುವ ಮಟ್ಟದಲ್ಲಿ, ನೋವಿಲ್ಲದ ಬದಿಯ ಕಡೆಗೆ ನಿಧಾನವಾಗಿ, ಲಯಬದ್ಧವಾಗಿ ಜಾರಿಸಿ ಬಿಡುತ್ತೇವೆ. ಇಲ್ಲಿ ಜಗ್ಗಾಟವಿಲ್ಲ, ಸದ್ದಿಲ್ಲ, ತೋಳಿಗೆ ನೋವು ಇಳಿಯಲು ಬಿಡುವುದಿಲ್ಲ. ಕೆಲವು ನಿಮಿಷಗಳ ನಂತರ ಎದ್ದು ಕೂರಿಸಿ, ಮೊದಲು ಅಳೆದಿದ್ದ ಚಲನೆಯನ್ನೇ ಮತ್ತೆ ಅಳೆಯುತ್ತೇವೆ. ಕತ್ತು ಮೊದಲಿಗಿಂತ ಹೆಚ್ಚು ತಿರುಗಿದರೆ ಅಥವಾ ಬೆರಳಿನವರೆಗೆ ಬರುತ್ತಿದ್ದ ನೋವು ಮೊಣಕೈಗೇ ನಿಂತರೆ ದಾರಿ ಸರಿಯಿದೆ ಎಂದರ್ಥ. ನೋವು ಇನ್ನೂ ಕೆಳಗೆ ಇಳಿದರೆ ಆ ವಿಧಾನವನ್ನು ಅಲ್ಲಿಗೇ ನಿಲ್ಲಿಸಬೇಕು. ಮುಟ್ಟುವ ಮೊದಲು ಅಳೆಯುವುದು ಮತ್ತು ಮುಟ್ಟಿದ ಮೇಲೆ ಅಳೆಯುವುದು, ಇವೆರಡೂ ಇಲ್ಲದ ಕೈಚಿಕಿತ್ಸೆಯನ್ನು ನಾನು ಚಿಕಿತ್ಸೆಯೆಂದು ಒಪ್ಪುವುದಿಲ್ಲ.

ಇದರ ಜೊತೆಗೆ ಕೈಯಿಂದಲೇ ಕುತ್ತಿಗೆಯನ್ನು ಮೃದುವಾಗಿ ಎಳೆದು ಹಿಡಿಯುವುದು, ಬಿಗಿದ ಮೇಲ್ಬೆನ್ನಿನ ಕೀಲುಗಳನ್ನು ಸಡಿಲಿಸುವುದು, ಸ್ವಲ್ಪ ಶಮನವಾದ ಮೇಲೆ ತೋಳಿನ ನರವನ್ನು ಅದರ ಹಾದಿಯಲ್ಲಿ ಹಿಂದೆ ಮುಂದೆ ಜಾರಿಸುವ ಚಲನೆಗಳು ಬರುತ್ತವೆ. ನರವನ್ನು ಜಾರಿಸುವುದು ಬೇರೆ, ಹಿಗ್ಗಿಸುವುದು ಬೇರೆ. ಕೆರಳಿದ ನರವನ್ನು ಮೊದಲ ವಾರದಲ್ಲೇ ಹಿಗ್ಗಿಸಲು ಹೋದರೆ ರಾತ್ರಿಯ ನೋವು ಹೆಚ್ಚುವುದು ಖಚಿತ.

ಆದರೆ ಇದರ ಪರಿಣಾಮ ಶಾಶ್ವತವಲ್ಲ. ಕೈಚಿಕಿತ್ಸೆಯಿಂದ ಸಿಗುವ ಶಮನ ಕೆಲವು ಗಂಟೆಗಳದ್ದು, ಹೆಚ್ಚೆಂದರೆ ಒಂದೆರಡು ದಿನಗಳದ್ದು. ಆ ಅವಧಿಯಲ್ಲಿ ರೋಗಿ ತಾನೇ ಮಾಡುವ ವ್ಯಾಯಾಮ ಮತ್ತು ಬದಲಿಸಿಕೊಳ್ಳುವ ಅಭ್ಯಾಸಗಳೇ ಗುಣವನ್ನು ಉಳಿಸುತ್ತವೆ. ನೋವು ಹೆಚ್ಚಿರುವಾಗ ಆ ವ್ಯಾಯಾಮವನ್ನು ಮಾಡಲು ಆಗುವುದಿಲ್ಲ, ಅದನ್ನು ಸಾಧ್ಯವಾಗಿಸುವುದೇ ನಮ್ಮ ಕೈಗಳ ಕೆಲಸ. ಮೇಜಿನ ಮೇಲೆ ಮಲಗಿ ಒತ್ತಿಸಿಕೊಂಡು ಮನೆಗೆ ಹೋಗಿ ಏನನ್ನೂ ಮಾಡದವರಿಗೆ ಎಷ್ಟು ವಾರ ಬಂದರೂ ಅಷ್ಟೇ.

ಹೊಲಿಗೆ ಕೆಲಸದವರು, ದಾವಣಗೆರೆ

ಸರ್, ನೀವು ಬರೆದದ್ದನ್ನು ಓದಿ ನನಗೆ ಒಂದು ಅನುಮಾನ ಬಂದಿದೆ. ನಾನು ಎಡಗೈ ನೋವಿಗಾಗಿ ಒಂದು ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಅಲ್ಲಿ ಶಾಖ ಕೊಡುತ್ತಾರೆ, ಹೆಗಲಿಗೆ ಪ್ಯಾಡ್ ಅಂಟಿಸಿ ಕರೆಂಟ್ ಇಡುತ್ತಾರೆ, ಗದ್ದಕ್ಕೆ ಪಟ್ಟಿ ಕಟ್ಟಿ ಯಂತ್ರದಲ್ಲಿ ಎಳೆಸುತ್ತಾರೆ. ನನ್ನ ಕುತ್ತಿಗೆಯನ್ನು ಈವರೆಗೆ ಯಾರೂ ಮುಟ್ಟಿ ನೋಡಿಲ್ಲ, ಯಾವ ಬೆರಳಿನಲ್ಲಿ ಜೋಮು ಎಂದು ಕೇಳಿಲ್ಲ. ಇದೂ ಫಿಸಿಯೋಥೆರಪಿಯೇ ಅಲ್ಲವೇ? ಮಾಡಿಸಿಕೊಂಡ ಅರ್ಧ ದಿನ ಹಗುರವಾಗಿರುತ್ತದೆ, ಮತ್ತೆ ಮೆಷಿನ್ನಿನ ಮುಂದೆ ಕೂತರೆ ಅದೇ ಕಥೆ.

ಫಿಸಿಯೋಥೆರಪಿಸ್ಟ್, ಧಾರವಾಡ

ಶಾಖ ಮತ್ತು ಕರೆಂಟಿನಿಂದ ಸ್ನಾಯುವಿನ ಬಿಗಿತ ಸ್ವಲ್ಪ ಕಡಿಮೆಯಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಪರೀಕ್ಷೆಯೇ ಇಲ್ಲದೆ ಬಂದವರಿಗೆಲ್ಲ ಅದೇ ಮೂರು ಯಂತ್ರಗಳನ್ನು ಹಚ್ಚುವುದನ್ನು ನಾನು ಸಮರ್ಥಿಸಲಾರೆ. ನಾಲ್ಕೂವರೆ ವರ್ಷ ಓದಿದ ಪದವೀಧರರು ಯಂತ್ರದ ಗುಂಡಿ ಒತ್ತುವುದಕ್ಕಷ್ಟೇ ಸೀಮಿತರಾಗಬಾರದು. ನೀವು ಮುಂದಿನ ಭೇಟಿಯಲ್ಲಿ ಅವರನ್ನು ವಿನಯದಿಂದಲೇ ಕೇಳಿ: ನನ್ನ ಯಾವ ನರಬೇರಿಗೆ ತೊಂದರೆಯಾಗಿದೆ, ಸ್ನಾಯುವಿನ ಬಲ ಮತ್ತು ಪ್ರತಿವರ್ತನಗಳನ್ನು (ರಿಫ್ಲೆಕ್ಸ್) ನೋಡುತ್ತೀರಾ, ಮನೆಯಲ್ಲಿ ನಾನು ಏನು ಮಾಡಬೇಕು. ಉತ್ತರ ಸಿಗದಿದ್ದರೆ ಬೇರೆಯವರನ್ನು ಹುಡುಕಿ.

ಈ ನೋವು ಕುತ್ತಿಗೆಯ ನರದ್ದೇ ಹೌದೇ ಎಂದು ತಿಳಿಯಲು ನಾಲ್ಕು ಪರೀಕ್ಷೆಗಳ ಒಂದು ಗುಂಪನ್ನು ಬಳಸುತ್ತೇವೆ. ತಲೆಯನ್ನು ನೋವಿನ ಕಡೆಗೆ ಬಾಗಿಸಿ ಮೇಲಿನಿಂದ ಮೃದುವಾಗಿ ಒತ್ತಿದಾಗ ತೋಳಿಗೆ ನೋವು ಹರಿಯುವುದೇ, ಕುತ್ತಿಗೆಯನ್ನು ಎಳೆದು ಹಿಡಿದಾಗ ಅದು ಇಳಿಯುವುದೇ, ತೋಳಿನ ನರಕ್ಕೆ ಎಳೆತ ಕೊಟ್ಟಾಗ ನಿಮ್ಮದೇ ನೋವು ಮರುಕಳಿಸುವುದೇ, ನೋವಿರುವ ಕಡೆಗೆ ಕತ್ತು 60 ಡಿಗ್ರಿಗಿಂತ ಕಡಿಮೆ ತಿರುಗುವುದೇ ಎಂಬುವು ಆ ನಾಲ್ಕು. ಅಮೆರಿಕದ ವೈನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೂ ಕೂಡಿ ಬಂದಾಗ ನರಬೇರಿನ ತೊಂದರೆಯಿರುವ ಸಾಧ್ಯತೆ ಬಹಳ ಹೆಚ್ಚುತ್ತದೆ ಎಂದು ಕಂಡುಬಂದಿತು. ಅದಕ್ಕಿಂತ ಉಪಯುಕ್ತವಾದದ್ದು ಇನ್ನೊಂದು: ನರಕ್ಕೆ ಎಳೆತ ಕೊಡುವ ಪರೀಕ್ಷೆಯಲ್ಲಿ ಏನೂ ಆಗದಿದ್ದರೆ, ಕುತ್ತಿಗೆಯ ನರವನ್ನು ಬಹುಮಟ್ಟಿಗೆ ಬಿಟ್ಟು ಬೇರೆ ಕಾರಣವನ್ನು ಹುಡುಕಬಹುದು.

ಬೇರೆ ಕಾರಣ ಎಂದೆ, ಏಕೆಂದರೆ ಹೊಲಿಗೆಯವರಲ್ಲಿ ಮಣಿಕಟ್ಟಿನೊಳಗೆ ನರ ಒತ್ತಿಕೊಳ್ಳುವ ತೊಂದರೆಯೂ ಸಾಮಾನ್ಯ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗಿ, ಕೈಯನ್ನು ಕೊಡವಿದರೆ ಸರಿಹೋಗುತ್ತದೆ ಎನ್ನುವವರ ಕುತ್ತಿಗೆಗೆ ತಿಂಗಳುಗಟ್ಟಲೆ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜದ ಕೀಲೇ ಬಿಗಿದುಕೊಂಡಿರಬಹುದು. ಎಡಗೈ ನೋವು ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಂದು, ನಿಂತಾಗ ಹೋಗುವಂತಿದ್ದರೆ ಮೊದಲು ಹೃದಯದ ಪರೀಕ್ಷೆ ಆಗಲೇಬೇಕು.

ಪದವಿ ವಿದ್ಯಾರ್ಥಿ, ಗದಗ

ನಮ್ಮ ಊರಿನ ಹತ್ತಿರ ಒಬ್ಬರು ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೆಟಿಗೆ ತೆಗೆಯುತ್ತಾರೆ. ಲಟಕ್ಕೆಂದು ಸದ್ದು ಬಂದ ಕೂಡಲೇ ಒತ್ತಿಕೊಂಡ ನರ ಬಿಡುತ್ತದೆ ಎನ್ನುತ್ತಾರೆ. ದೂರದಿಂದ ಜನ ಬರುತ್ತಾರೆ. ಕ್ಷೌರದಂಗಡಿಯಲ್ಲಿಯೂ ತಲೆಗೆ ಎಣ್ಣೆ ತಿಕ್ಕಿ ಕೊನೆಗೆ ಹೀಗೆಯೇ ಮಾಡುತ್ತಾರಲ್ಲವೇ? ಸಾಗರದ ಹಿರಿಯರು ಒಮ್ಮೆ ತೋರಿಸಿಕೊಂಡರೆ ಹೇಗೆ?

ನರರೋಗ ವೈದ್ಯರು, ಬೆಂಗಳೂರು

ದಯವಿಟ್ಟು ಆ ಸಲಹೆಯನ್ನು ಯಾರೂ ಪಾಲಿಸಬೇಡಿ. ಈ ವಿಷಯದಲ್ಲಿ ನಾನು ಸ್ಪಷ್ಟವಾಗಿ ಬರೆಯಲೇಬೇಕು.

ಕುತ್ತಿಗೆಯ ಕಶೇರುಕಗಳ ಪಕ್ಕದ ರಂಧ್ರಗಳ ಮೂಲಕ ಎರಡು ಅಪಧಮನಿಗಳು ಮೇಲೇರಿ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುತ್ತವೆ. ಕತ್ತನ್ನು ವೇಗವಾಗಿ, ಕೊನೆಯವರೆಗೆ ತಿರುಚಿದಾಗ ಈ ರಕ್ತನಾಳದ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಬರುವ ಸಂದರ್ಭಗಳಿವೆ. ಇದು ಅಪರೂಪ. ಆದರೆ ನಡುವಯಸ್ಸಿನ ಆರೋಗ್ಯವಂತರಲ್ಲಿ ಹೀಗಾದಾಗ ಆಗುವ ಹಾನಿ ಎಷ್ಟು ದೊಡ್ಡದೆಂದರೆ, ಒಂದು ಸದ್ದಿಗಾಗಿ ಅಂತಹ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಸೂಕ್ಷ್ಮವಿದೆ. ರಕ್ತನಾಳ ಸೀಳಲು ಆರಂಭವಾದಾಗ ಮೊದಲು ಕಾಣಿಸುವುದು ಕುತ್ತಿಗೆ ನೋವು ಮತ್ತು ತಲೆನೋವೇ. ಅದನ್ನು ಉಳುಕು ಎಂದು ಭಾವಿಸಿ ಕತ್ತು ತಿರುಗಿಸಿಕೊಳ್ಳಲು ಹೋದವರಿಗೆ ಅನಾಹುತವಾಗುತ್ತದೆ. ಹಿಂದೆಂದೂ ಬಾರದಂತಹ ತೀವ್ರ ಕುತ್ತಿಗೆ ನೋವು, ಜೊತೆಗೆ ತಲೆ ಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖದ ಒಂದು ಬದಿ ಮರಗಟ್ಟುವುದು, ನಡಿಗೆ ತೂರಾಡುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ತುರ್ತು ಚಿಕಿತ್ಸೆ ಬೇಕು. ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಸಹ ಕುತ್ತಿಗೆಯನ್ನು ಮುಟ್ಟುವ ಮೊದಲು ರಕ್ತದೊತ್ತಡ ಅಳೆದು ಈ ಲಕ್ಷಣಗಳನ್ನು ಕೇಳಬೇಕೆಂಬುದು ಅವರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೇ ಇದೆ.

ಎರಡನೆಯದು ಬೆನ್ನುಹುರಿಯ ವಿಷಯ. ಸವೆತ ಪಕ್ಕದ ಕಿಂಡಿಯನ್ನಷ್ಟೇ ಅಲ್ಲದೆ ನಡುವಿನ ನಾಳವನ್ನೂ ಕಿರಿದಾಗಿಸಿದರೆ ಬೆನ್ನುಹುರಿಯೇ ಒತ್ತಿಕೊಳ್ಳುತ್ತದೆ. ಆಗ ನೋವು ಕಡಿಮೆಯೇ ಇರಬಹುದು, ಆದ್ದರಿಂದಲೇ ಅದು ತಡವಾಗಿ ಗೊತ್ತಾಗುತ್ತದೆ. ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು, ತುತ್ತು ಕಲಸುವಾಗ ಬೆರಳುಗಳು ಮಾತು ಕೇಳದಿರುವುದು, ನಡೆಯುವಾಗ ಕಾಲು ಬಿಗಿಯಾಗಿ ಎಡವುವುದು, ಕಾಲಿನಿಂದ ಚಪ್ಪಲಿ ಜಾರಿದ್ದು ತಿಳಿಯದಿರುವುದು, ಮೂತ್ರದ ಹಿಡಿತ ತಪ್ಪುವುದು, ಇವು ಅದರ ಸೂಚನೆಗಳು. ಇಂತಹವರಿಗೆ ಕೈಚಿಕಿತ್ಸೆಯನ್ನಾಗಲಿ ಎಳೆಸುವುದನ್ನಾಗಲಿ ಮಾಡಬಾರದು, ಕೂಡಲೇ ಶಸ್ತ್ರಚಿಕಿತ್ಸಕರ ಅಭಿಪ್ರಾಯ ಪಡೆಯಬೇಕು. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಮೇಲಿನ ಎರಡು ಕಶೇರುಕಗಳ ನಡುವಿನ ಕಟ್ಟು ಸಡಿಲವಾಗಿರಬಹುದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವಂತಿಲ್ಲ: ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಅದನ್ನು ಸವೆತ ಎಂದು ತಳ್ಳಿಹಾಕಬಾರದು.

ಸಾಗರದವರಿಗೆ ಒಂದು ಮಾತು. ಎರಡೂ ಅಂಗೈಗಳನ್ನು ಗೋಡೆಗೆ ಊರಿ ದೂಡಿ ನೋಡಿ. ಬಲ ಮೊಣಕೈ ಎಡಗಡೆಗಿಂತ ಸ್ಪಷ್ಟವಾಗಿ ಸೋಲುತ್ತಿದ್ದರೆ, ಅದರಲ್ಲೂ ದಿನದಿಂದ ದಿನಕ್ಕೆ ಸೋಲು ಹೆಚ್ಚುತ್ತಿದ್ದರೆ, ವ್ಯಾಯಾಮಕ್ಕೆಂದು ಕಾಯದೆ ವೈದ್ಯರಿಗೆ ತಿಳಿಸಿ. ನೋವನ್ನು ಕಾದು ನೋಡಬಹುದು, ಬಲ ಕುಂದುತ್ತಾ ಹೋಗುವುದನ್ನು ಕಾದು ನೋಡುವಂತಿಲ್ಲ.

ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ವೈದ್ಯರ ಎಚ್ಚರಿಕೆಗೆ ಧನ್ಯವಾದಗಳು. ನನ್ನದು ಬೇರೆ ರೀತಿಯ ಪ್ರಶ್ನೆ. ಇದೇ ತೊಂದರೆಗೆ ನಾನೂ ಒಳಗಾಗಿದ್ದರಿಂದ ಸಾಕಷ್ಟು ಓದಿದ್ದೇನೆ. ಅಮೆರಿಕದ ಮಿನೆಸೋಟಾ ರಾಜ್ಯದ ರೋಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಈ ಕಾಯಿಲೆ ಬಂದ 561 ಜನರನ್ನು ಹಿಂಬಾಲಿಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಸುಮಾರು ಕಾಲು ಭಾಗದವರಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಕೊನೆಯ ಬಾರಿ ನೋಡಿದಾಗ ನೂರಕ್ಕೆ 90 ಜನರಿಗೆ ತೊಂದರೆಯೇ ಇರಲಿಲ್ಲ ಅಥವಾ ಅಲ್ಪ ಪ್ರಮಾಣದಲ್ಲಿತ್ತು. ನೆದರ್ಲ್ಯಾಂಡ್ಸ್‌ನಲ್ಲಿ 205 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಕುತ್ತಿಗೆ ಪಟ್ಟಿ, ಕೆಲವರಿಗೆ ಫಿಸಿಯೋಥೆರಪಿ ಕೊಟ್ಟು, ಉಳಿದವರಿಗೆ ಕಾದು ನೋಡಲು ಹೇಳಿದರು. ಆರು ವಾರಗಳಲ್ಲಿ ಮೊದಲೆರಡು ಗುಂಪಿನವರಿಗೆ ಹೆಚ್ಚು ಶಮನವಾಯಿತು, ಆರು ತಿಂಗಳಾದಾಗ ಮೂರೂ ಗುಂಪುಗಳು ಒಂದೇ ಮಟ್ಟಕ್ಕೆ ಬಂದಿದ್ದವು. ಹಾಗಾದರೆ ಇದು ತಾನಾಗಿ ವಾಸಿಯಾಗುವ ಕಾಯಿಲೆ ಎಂದಾಯಿತು. ಹಣ ಮತ್ತು ಸಮಯ ಕಳೆದು ಕೈಯಿಂದ ಒತ್ತಿಸಿಕೊಳ್ಳುವ ಅಗತ್ಯವೇನು?

ಫಿಸಿಯೋಥೆರಪಿಸ್ಟ್, ಮೆಲ್ಬರ್ನ್ (ಮೂಲ ಉಡುಪಿ)

ಸರ್, ನೀವು ಹೇಳಿದ ಎರಡೂ ಅಧ್ಯಯನಗಳು ನಿಜ, ಅವುಗಳನ್ನು ನಾನೂ ನನ್ನ ರೋಗಿಗಳಿಗೆ ಹೇಳುತ್ತೇನೆ. ಬಹುಪಾಲು ಜನ ಗುಣವಾಗುತ್ತಾರೆ ಎಂಬ ಮಾತೇ ಅರ್ಧ ಔಷಧ. ಆದರೆ ನಿಮ್ಮ ತೀರ್ಮಾನವನ್ನು ಒಪ್ಪಲು ನನಗೆ ಆಗುತ್ತಿಲ್ಲ. ಆರು ತಿಂಗಳ ಕೊನೆಯಲ್ಲಿ ಎಲ್ಲರೂ ಒಂದೇ ಕಡೆ ತಲುಪುತ್ತಾರೆ ಎಂದಮಾತ್ರಕ್ಕೆ ಆ ಆರು ತಿಂಗಳನ್ನು ಹೇಗೆ ಕಳೆಯುತ್ತಾರೆ ಎಂಬುದು ಲೆಕ್ಕಕ್ಕೆ ಬಾರದ ವಿಷಯವಾಗುವುದಿಲ್ಲ. ರಾತ್ರಿಯೆಲ್ಲ ಕೂತೇ ಇರುವವರಿಗೆ, ದಿನಗೂಲಿಯ ಮೇಲೆ ಬದುಕುವವರಿಗೆ ಮೊದಲ ಆರು ವಾರಗಳಲ್ಲೇ ತೋಳು ಹಗುರವಾಗುವುದು ಸಣ್ಣ ಸಂಗತಿಯಲ್ಲ. ಅದೇ ಪ್ರಯೋಗದಲ್ಲಿ ಪಟ್ಟಿ ಹಾಕಿಕೊಂಡವರೂ ಮೊದಲ ಮೂರು ವಾರಗಳಲ್ಲಷ್ಟೇ ಪೂರ್ಣವಾಗಿ ಬಳಸಿ, ನಂತರದ ವಾರಗಳಲ್ಲಿ ಹಂತ ಹಂತವಾಗಿ ಬಿಟ್ಟಿದ್ದರು. ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ಪಟ್ಟಿ ಕಟ್ಟಿಕೊಂಡು ಓಡಾಡುವವರನ್ನು ಕಂಡಾಗ ಬೇಸರವಾಗುತ್ತದೆ. ಮಂಡ್ಯದ ಅಕ್ಕ, ನಿಮ್ಮವರು ಇನ್ನೂ ಪಟ್ಟಿ ಹಾಕುತ್ತಿದ್ದರೆ ದಯವಿಟ್ಟು ಬಿಡಿಸಿ.

ಯಂತ್ರದಿಂದ ಎಳೆಸುವ ವಿಷಯದಲ್ಲಿ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. 2009ರಲ್ಲಿ 81 ಜನರ ಮೇಲೆ ನಡೆದ ಪ್ರಯೋಗವೊಂದರಲ್ಲಿ ಎಲ್ಲರಿಗೂ ಕೈಚಿಕಿತ್ಸೆ ಮತ್ತು ವ್ಯಾಯಾಮ ಕೊಟ್ಟು, ಅರ್ಧದಷ್ಟು ಜನರಿಗೆ ನಿಜವಾಗಿ ಎಳೆಸಿ, ಉಳಿದವರಿಗೆ ಎಳೆದಂತೆ ತೋರಿಸಿದರು. ಎರಡೂ ಗುಂಪುಗಳು ಸಮಾನವಾಗಿಯೇ ಸುಧಾರಿಸಿದವು. 2014ರ ಇನ್ನೊಂದು ಪ್ರಯೋಗದಲ್ಲಿ ಬರಿಯ ವ್ಯಾಯಾಮಕ್ಕಿಂತ ವ್ಯಾಯಾಮದೊಡನೆ ಯಂತ್ರದಲ್ಲಿ ಎಳೆಸಿಕೊಂಡವರು ದೀರ್ಘಾವಧಿಯಲ್ಲಿ ಚೆನ್ನಾಗಿದ್ದರು. ನನ್ನ ನಿಲುವು ಸರಳವಾದದ್ದು: ಕೈಯಿಂದ ಎಳೆದಾಗ ಬೆರಳಿನ ನೋವು ಇಳಿದರೆ ಆ ವ್ಯಕ್ತಿಗೆ ಎಳೆಸುವುದು ಉಪಯುಕ್ತ, ಇಳಿಯದಿದ್ದರೆ ಬೇಡ.

ಎಂಆರ್‌ಐ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ವರದಿ ಓದಿಯೇ ಅರ್ಧ ಜನ ಎದೆಗುಂದುತ್ತಾರೆ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರಿಗೆ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಜನರಿಗೆ ಡಿಸ್ಕ್ ಉಬ್ಬಿತ್ತು, ಇಪ್ಪತ್ತರ ಹರೆಯದವರಲ್ಲೂ ಮುಕ್ಕಾಲು ಪಾಲಿನಷ್ಟು ಜನರಿಗೆ ಉಬ್ಬಿತ್ತು. ಡಿಸ್ಕಿನ ಸವೆತವೂ ನೆರೆಗೂದಲಿನಂತೆ ವಯಸ್ಸಿನ ಗುರುತು, ಅದೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸಲಾಗದು.

ಆಸ್ಟ್ರೇಲಿಯಾದಲ್ಲಿ 1976ರಿಂದಲೇ ಜನ ವೈದ್ಯರ ಚೀಟಿಯಿಲ್ಲದೆ ನೇರವಾಗಿ ಫಿಸಿಯೋಥೆರಪಿಸ್ಟರ ಬಳಿಗೆ ಬರಬಹುದು. ಆ ಹೊಣೆಯಿಂದಾಗಿ ಪರೀಕ್ಷೆಯ ಶಿಸ್ತು ಇಲ್ಲಿ ಬಲವಾಗಿ ಬೆಳೆದಿದೆ. ಅಡಿಲೇಡಿನ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ ಅವರು ಕೈಯ ಒತ್ತಡವನ್ನು ದರ್ಜೆಗಳಾಗಿ ವಿಂಗಡಿಸಿದ್ದನ್ನು ಮಂಗಳೂರು, ಮಣಿಪಾಲ, ಬೆಳಗಾವಿ, ಧಾರವಾಡಗಳ ಕಾಲೇಜುಗಳಲ್ಲಿ ಓದಿದ ನಾವೆಲ್ಲರೂ ಕಲಿತಿದ್ದೇವೆ. ಒಂದು ಮತ್ತು ಎರಡನೆಯ ದರ್ಜೆಗಳಲ್ಲಿ ಕೀಲಿನ ಬಿಗಿತವನ್ನು ಮುಟ್ಟುವುದೇ ಇಲ್ಲ, ಅವು ನೋವನ್ನು ಶಮನಗೊಳಿಸಲಿಕ್ಕೆ. ಮೂರು ಮತ್ತು ನಾಲ್ಕರಲ್ಲಿ ಬಿಗಿತದೊಳಕ್ಕೆ ಹೋಗುತ್ತೇವೆ. ವೇಗದ ತಳ್ಳಾಟ ಐದನೆಯ ದರ್ಜೆ. ತೋಳಿಗೆ ನೋವು ಇಳಿಯುವವರ ಕುತ್ತಿಗೆಗೆ ನಾನು ಐದನೆಯದನ್ನು ಬಳಸುವುದೇ ಇಲ್ಲ, ಅದಿಲ್ಲದೆಯೇ ಕೆಲಸವಾಗುತ್ತದೆ. ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ಅವರ ವಿಧಾನದಲ್ಲಿ ಚಿಕಿತ್ಸಕರು ಕಶೇರುಕವನ್ನು ಮುಂದಕ್ಕೆ ಜಾರಿಸಿ ಹಿಡಿದಿರುವಾಗ ರೋಗಿಯೇ ಕತ್ತು ತಿರುಗಿಸುತ್ತಾರೆ. ನೋವಿಲ್ಲದೆ ತಿರುಗಿದರೆ ಮಾತ್ರ ಮುಂದುವರಿಸಬೇಕು ಎಂಬುದು ಅದರ ನಿಯಮ. ಅದೇ ದೇಶದ ರಾಬಿನ್ ಮೆಕೆಂಜಿ ಅವರು ಗದ್ದವನ್ನು ಹಿಂದಕ್ಕೆ ಸರಿಸುವ ಸರಳ ಚಲನೆಯನ್ನು ರೋಗಿಯ ಕೈಗೇ ಒಪ್ಪಿಸಿದರು.

ಸ್ನಾಯುಗಳ ಬಗ್ಗೆ ಇಲ್ಲಿಯವರೆಗೆ ಯಾರೂ ಹೆಚ್ಚು ಬರೆದಿಲ್ಲ. ಕುತ್ತಿಗೆಯ ಮುಂಭಾಗದಲ್ಲಿ, ಕಶೇರುಕಗಳಿಗೆ ಅಂಟಿಕೊಂಡು, ಆಳದಲ್ಲಿ ಸಣ್ಣ ಸ್ನಾಯುಗಳಿವೆ. ನೋವು ಬಂದಾಗ ಅವು ಕೆಲಸ ಬಿಟ್ಟು, ಹೊರಗಿನ ದಪ್ಪ ಸ್ನಾಯುಗಳು ಭಾರವನ್ನೆಲ್ಲ ಹೊರುತ್ತವೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜಲ್ ಅವರು ರೂಪಿಸಿದ ಪರೀಕ್ಷೆಯಲ್ಲಿ ಕತ್ತಿನ ಕೆಳಗೆ ಗಾಳಿಯ ಚೀಲವಿಟ್ಟು, ಹೌದು ಎಂಬಂತೆ ಗದ್ದವನ್ನು ಮೆಲ್ಲಗೆ ಆಡಿಸಿ, ಚೀಲದ ಒತ್ತಡವನ್ನು 20ರಿಂದ 30 ಮಿಲಿಮೀಟರ್ ಪಾದರಸದವರೆಗೆ ಎರಡೆರಡಾಗಿ ಏರಿಸಿ ಹಿಡಿದುಕೊಳ್ಳಬೇಕು. ಹೊರಗಿನಿಂದ ನೋಡುವವರಿಗೆ ಇದು ವ್ಯಾಯಾಮದಂತೆಯೇ ಕಾಣುವುದಿಲ್ಲ, ಆದರೆ ಮಾಡುವವರ ಹಣೆ ಬೆವರುತ್ತದೆ. ಮನೆಯಲ್ಲಿ ಚೀಲ ಇಲ್ಲದಿದ್ದರೆ ಮಡಿಸಿದ ಟವೆಲ್ ಸಾಕು.

ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಆ ಆರು ತಿಂಗಳನ್ನು ಹೇಗೆ ಕಳೆಯುತ್ತಾರೆ ಎಂಬ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಕೈಚಿಕಿತ್ಸೆ ಒಂದನ್ನೇ ಬೇರ್ಪಡಿಸಿ, ದೊಡ್ಡ ಸಂಖ್ಯೆಯ ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗಗಳು ಕಡಿಮೆ ಎಂಬುದನ್ನು ಓದುಗರು ತಿಳಿದಿರಲಿ ಎಂದು ನನ್ನ ವಿನಂತಿ.

ಫಿಸಿಯೋಥೆರಪಿಸ್ಟ್, ಮೆಲ್ಬರ್ನ್ (ಮೂಲ ಉಡುಪಿ)

ಖಂಡಿತ. ಬಹುತೇಕ ಪ್ರಯೋಗಗಳಲ್ಲಿ ಕೈಚಿಕಿತ್ಸೆ ಮತ್ತು ವ್ಯಾಯಾಮ ಒಟ್ಟಿಗೇ ಇವೆ, ಜನರ ಸಂಖ್ಯೆಯೂ ಚಿಕ್ಕದು. ಆದ್ದರಿಂದಲೇ ಕೈಚಿಕಿತ್ಸೆಯೊಂದನ್ನೇ ಮಾರುವವರನ್ನು ನಾನು ನಂಬುವುದಿಲ್ಲ.

ಅಡಿಕೆ ಬೆಳೆಗಾರ, ಸಾಗರ

ಎಲ್ಲರ ಬರಹಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಶಿವಮೊಗ್ಗದಲ್ಲಿ ಸ್ನಾತಕೋತ್ತರ ಓದಿದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡೆ. ಅವರು ನೀವು ಬರೆದ ನಾಲ್ಕೂ ಪರೀಕ್ಷೆಗಳನ್ನು ಮಾಡಿದರು, ಬಲ ಮೊಣಕೈಯ ಪ್ರತಿವರ್ತನ ಕಡಿಮೆಯಿದೆ, ಸ್ನಾಯುವಿನ ಬಲ ಸ್ವಲ್ಪವೇ ಕುಂದಿದೆ, ಕಾಲುಗಳಲ್ಲಿ ಬೆನ್ನುಹುರಿ ಒತ್ತಿಕೊಂಡ ಗುರುತು ಇಲ್ಲ ಎಂದರು. ವೈದ್ಯರಿಗೂ ಅದನ್ನು ತಿಳಿಸಿದ್ದೇವೆ. ಬಲವನ್ನು ಪ್ರತಿ ವಾರ ನೋಡುತ್ತಿರಲು ಹೇಳಿದ್ದಾರೆ. ಕುತ್ತಿಗೆಯನ್ನು ಪಕ್ಕಕ್ಕೆ ಜಾರಿಸುವ ಚಿಕಿತ್ಸೆ ನಡೆಯುತ್ತಿದೆ, ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ನೋವು ಈಗ ಬೆರಳಿನವರೆಗೆ ಯಾವಾಗಲೂ ಬರುತ್ತಿಲ್ಲ, ಹೆಚ್ಚಾಗಿ ರಟ್ಟೆಯಲ್ಲಿಯೇ ನಿಲ್ಲುತ್ತದೆ. ಜೋಮು ಮಾತ್ರ ಹಾಗೆಯೇ ಇದೆ. ಇನ್ನೆರಡು ತಿಂಗಳಿಗೆ ಮಳೆ ಹಿಡಿಯುತ್ತದೆ, ಔಷಧಿ ಹೊಡೆಯದಿದ್ದರೆ ಕೊಳೆ ಬಂದು ಫಸಲು ಹೋಗುತ್ತದೆ. ದೋಟಿ ಹಿಡಿಯದೆ ಇರುವುದು ನನ್ನ ಕೈಯಲ್ಲಿಲ್ಲ. ಏನು ಮಾಡಬಹುದು?

ಫಿಸಿಯೋಥೆರಪಿಸ್ಟ್, ಧಾರವಾಡ

ನೋವು ಬೆರಳಿನಿಂದ ಮೇಲಕ್ಕೆ ಸರಿದಿರುವುದು ಬಹಳ ಒಳ್ಳೆಯ ಸೂಚನೆ. ಮೊದಲು ಹೋಗುವುದು ನೋವು, ಆಮೇಲೆ ಬಲ ಮರಳುತ್ತದೆ, ಜೋಮು ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ. ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಅದಕ್ಕಾಗಿ ಧೃತಿಗೆಡಬೇಡಿ, ಚಿಕಿತ್ಸೆ ಬದಲಿಸುತ್ತಲೂ ಹೋಗಬೇಡಿ.

ದೋಟಿಯ ವಿಷಯವನ್ನು ನಿಮ್ಮ ಚಿಕಿತ್ಸಕರೊಂದಿಗೆ ಕೂತು ಚರ್ಚಿಸಲೇಬೇಕು, ಏಕೆಂದರೆ ಅವರ ಮೇಜಿನ ಮೇಲೆ ಸಿಕ್ಕಿದ್ದನ್ನು ತೋಟ ಒಂದೇ ದಿನದಲ್ಲಿ ಕಸಿದುಕೊಳ್ಳಬಹುದು. ಸಾಧ್ಯವಿದ್ದರೆ ಮೊದಲ ಸುತ್ತಿನ ಔಷಧಿಯನ್ನು ಈ ವರ್ಷ ಬೇರೆಯವರಿಂದ ಹೊಡೆಸಿ. ನೀವೇ ಮಾಡಬೇಕಾದರೆ ಮರದ ಬುಡಕ್ಕೆ ತೀರ ಹತ್ತಿರ ನಿಲ್ಲಬೇಡಿ. ಕೆಲವು ಅಡಿ ದೂರ ಸರಿದಷ್ಟೂ ತುದಿಯನ್ನು ನೋಡಲು ಕತ್ತು ಹಿಂದಕ್ಕೆ ಬಾಗುವ ಕೋನ ಕಡಿಮೆಯಾಗುತ್ತದೆ. ಬಲಗಾಲನ್ನು ಹಿಂದಿಟ್ಟು, ಎದೆಯನ್ನು ಎತ್ತಿ, ಮೇಲ್ಬೆನ್ನಿನಿಂದಲೂ ಸೊಂಟದಿಂದಲೂ ಬಾಗಲು ಅಭ್ಯಾಸ ಮಾಡಿ. ಮೇಲ್ಬೆನ್ನು ಬಿಗಿದಿರುವವರು ಇಡೀ ಬಾಗನ್ನು ಕುತ್ತಿಗೆಯಲ್ಲೇ ಮಾಡುತ್ತಾರೆ. ಅದಕ್ಕಾಗಿಯೇ ನಿಮ್ಮ ಚಿಕಿತ್ಸಕರು ಮೇಲ್ಬೆನ್ನಿನ ಕೀಲುಗಳನ್ನೂ ಸಡಿಲಿಸುತ್ತಿರಬೇಕು, ಇಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ. ಮರದ ಎಡಬದಿಗೆ ನಿಂತು ಕೆಲಸ ಮಾಡಿದರೆ ಕತ್ತು ಬಲಕ್ಕೆ ತಿರುಗುತ್ತದೆ, ಬಲಗಡೆಯ ಕಿಂಡಿ ಮುಚ್ಚುತ್ತದೆ; ಆದ್ದರಿಂದ ಮರ ನಿಮ್ಮ ನೇರಕ್ಕೆ ಅಥವಾ ಸ್ವಲ್ಪ ಎಡಕ್ಕೆ ಇರುವಂತೆ ನಿಲ್ಲಿ. ಒಂದು ಮರಕ್ಕೂ ಮುಂದಿನ ಮರಕ್ಕೂ ನಡುವೆ ದೋಟಿಯನ್ನು ಇಳಿಸಿ, ಗದ್ದವನ್ನು ಎದೆಯ ಕಡೆಗೆ ತಂದು ನಾಲ್ಕಾರು ಉಸಿರಿನಷ್ಟು ಹೊತ್ತು ಇರಿ. ಬೆರಳಿಗೆ ಮತ್ತೆ ನೋವು ಇಳಿಯತೊಡಗಿದರೆ ಆ ದಿನದ ಕೆಲಸವನ್ನು ಅಲ್ಲಿಗೇ ಬಿಡಬೇಕು, ಇನ್ನೆರಡೇ ಮರ ಎಂದುಕೊಳ್ಳಬಾರದು.

ಮೊಣಕೈಯನ್ನು ನೇರ ಮಾಡುವ ಸ್ನಾಯುವಿಗೆ ಈಗಲೇ ಭಾರದ ವ್ಯಾಯಾಮ ಬೇಡ. ಗೋಡೆಗೆ ಕೈ ಊರಿ ಮೆಲ್ಲಗೆ ದೂಡುವುದರಿಂದ ಆರಂಭಿಸಿ, ಅದೂ ನಿಮ್ಮ ಚಿಕಿತ್ಸಕರು ಒಪ್ಪಿದ ಮೇಲೆ. ಹೆಗಲಿನ ಹಲಗೆಗಳನ್ನು ಹಿಂದಕ್ಕೂ ಕೆಳಕ್ಕೂ ತಂದು ಹಿಡಿಯುವ ಅಭ್ಯಾಸವನ್ನು ಮಾತ್ರ ಈಗಿನಿಂದಲೇ ದಿನಕ್ಕೆ ಹಲವು ಸಲ ಮಾಡಬಹುದು, ಏಕೆಂದರೆ ದೋಟಿಯ ಭಾರ ಬೀಳುವುದು ಆ ಸ್ನಾಯುಗಳ ಮೇಲೆ. ಮಳೆಗೆ ಮೊದಲು ದೋಟಿಯನ್ನು ಪೂರ್ತಿ ಉದ್ದ ಮಾಡದೆ, ಅರ್ಧದಷ್ಟೇ ಎಳೆದು, ಅಂಗಳದಲ್ಲಿ ಸ್ವಲ್ಪ ಹೊತ್ತು ಹಿಡಿದು ನೋಡಿ. ಆ ರಾತ್ರಿ ನಿದ್ದೆ ಹೇಗೆ ಬಂತು, ಬೆಳಿಗ್ಗೆ ಬೆರಳು ಹೇಗಿತ್ತು ಎಂಬುದನ್ನು ಶಿವಮೊಗ್ಗದವರಿಗೆ ತಿಳಿಸಿ. ಮುಂದೆ ಎಷ್ಟು ಉದ್ದ, ಎಷ್ಟು ಹೊತ್ತು ಎಂಬುದನ್ನು ಅವರು ಆ ಉತ್ತರದ ಮೇಲೆ ನಿರ್ಧರಿಸುತ್ತಾರೆ.